ಅಟ್ಟದ ಮೇಲಿನ ಹಳೇ ಹಾರ್ಡ್ ಡಿಸ್ಕ್ ಮತ್ತು ಹೊಸ ಲ್ಯಾಪ್‌ಟಾಪ್: ಯಾವ ಕೇಬಲ್, ಯಾವ ಡಬ್ಬಿ?

ಪ್ರಶ್ನೆ: ನಮ್ಮದು ಹೊನ್ನಾವರ ಹತ್ತಿರದ ಹಳ್ಳಿ. 2005ರಲ್ಲಿ ಅಪ್ಪಯ್ಯ ಒಂದು ಕಂಪ್ಯೂಟರ್ ಕೊಂಡಿದ್ದರು. ಯಕ್ಷಗಾನದ ಆಟ, ತಾಳಮದ್ದಲೆಯ ಕ್ಯಾಸೆಟ್‌ಗಳನ್ನು ಒಂದೊಂದಾಗಿ ಅದಕ್ಕೆ ಇಳಿಸಿದ್ದರು. ಮನೆಯ ಹಳೇ ಫೋಟೋಗಳೂ ಅದರಲ್ಲೇ ಇವೆ. ಕಂಪ್ಯೂಟರ್ ಕೆಟ್ಟು ಎಷ್ಟೋ ವರ್ಷ ಅಟ್ಟದ ಮೇಲಿತ್ತು. ಈಗ ಅದರ 80 ಜಿಬಿ ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿ ಇಟ್ಟುಕೊಂಡಿದ್ದೇನೆ. ಅದಕ್ಕೆ ಬೂದು ಬಣ್ಣದ ಅಗಲ ಪಟ್ಟಿ ಕೇಬಲ್ ಇತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ ಬಿಟ್ಟರೆ ಬೇರೇನೂ ಇಲ್ಲ. ಅಂಗಡಿಯಲ್ಲಿ ಕೇಳಿದರೆ ಸಾಟಾ, ಯುಎಸ್‌ಬಿ 3, ಟೈಪ್ ಸಿ, ಎನ್‌ವಿಎಂಇ ಅಂತ ಏನೇನೋ ಹೇಳುತ್ತಾರೆ. ಇದನ್ನು ಹೇಗೆ ಜೋಡಿಸಲಿ? ತೆಗೆದ ಮೇಲೆ ಎಲ್ಲಿ ಇಡಲಿ? ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಳ್ಳೆಯದೋ, ಎಸ್‌ಎಸ್‌ಡಿಯೋ?

ಉತ್ತರ: ಮೊದಲು ಒಂದು ಮಾತು. ಆ ಡಿಸ್ಕ್‌ಗೆ ಇವತ್ತೇ ಕರೆಂಟ್ ಕೊಡಬೇಡಿ. ಏನು ಕೊಳ್ಳಬೇಕು ಅನ್ನುವುದಕ್ಕಿಂತ ಇದು ಮುಖ್ಯ.

ನಮ್ಮ ಕಡೆ ಅಟ್ಟದಲ್ಲಿ ಮಳೆಗಾಲ ಕಳೆದ ವಸ್ತು ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಚರ್ಮದ ಚಪ್ಪಲಿಗೆ, ಪುಸ್ತಕದ ರಟ್ಟಿಗೆ ಬೂಸ್ಟು ಹಿಡಿಯುತ್ತದೆ. ಹಾರ್ಡ್ ಡಿಸ್ಕ್ ಪೂರ್ತಿ ಮುಚ್ಚಿದ ಡಬ್ಬಿ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಹಾಗಲ್ಲ. ಆ ಕಾಲದ ಡಿಸ್ಕ್‌ಗಳ ಮೇಲೆ ಒಂದು ಸಣ್ಣ ತೂತು ಇರುತ್ತದೆ, ಪಕ್ಕದಲ್ಲಿ ಅದನ್ನು ಮುಚ್ಚಬೇಡಿ ಅಂತ ಬರೆದಿರುತ್ತದೆ. ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸಮ ಆಗಲಿ ಅಂತ ಆ ತೂತು. ಅದರೊಳಗೆ ಫಿಲ್ಟರ್ ಇದೆ, ಧೂಳು ನಿಲ್ಲುತ್ತದೆ. ತೇವ ಮಾತ್ರ ನಿಧಾನವಾಗಿ ಒಳಗೆ ಹೋಗುತ್ತದೆ. ಒಳಗೆ ತಟ್ಟೆ ತಿರುಗುವಾಗ ಓದುವ ಹೆಡ್ ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಅಲ್ಲಿ ಪಸೆ ಇದ್ದರೆ ಏನಾಗಬಹುದು ಅಂತ ನೀವೇ ಊಹಿಸಿ.

ಹಾಗಾಗಿ ಡಿಸ್ಕ್ ಅನ್ನು ಗಾಳಿಯಾಡದ ಡಬ್ಬಿಯಲ್ಲಿ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಎರಡು ಮೂರು ದಿನ ಮನೆಯೊಳಗೆ ಇಡಿ. ಬಿಸಿಲಿಗೆ ಇಡಬೇಡಿ. ಹೇರ್ ಡ್ರೈಯರ್ ಬೇಡ. ಒಲೆಯ ಮೇಲೆ ತೂಗುಹಾಕಿ ಒಣಗಿಸುವ ಅಭ್ಯಾಸ ನಮ್ಮಲ್ಲಿದೆ, ಅದಂತೂ ಬೇಡವೇ ಬೇಡ. ಪಿನ್‌ಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೆತ್ತನೆ ಬ್ರಷ್‌ನಿಂದ ನಿಧಾನವಾಗಿ ಒರೆಸಿ, ಪೂರ್ತಿ ಆರಲು ಬಿಡಿ. ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರ್‌ಗಳು ಬೇಗ ಹೀಗಾಗುತ್ತವೆ. ಘಟ್ಟದ ಮೇಲಿನಿಂದ ಬರುವ ಡಿಸ್ಕ್‌ಗಳಲ್ಲಿ ಇದು ಇಷ್ಟಿಲ್ಲ, ಅಲ್ಲಿ ಬೂಸ್ಟಿನ ಕಾಟವೇ ಜಾಸ್ತಿ.

ಈಗ ಕನೆಕ್ಟರ್ ನೋಡೋಣ. ನೀವು ಹೇಳಿದ ಅಗಲ ಪಟ್ಟಿ ಕೇಬಲ್ ಅಂದರೆ ಅದು ಐಡಿಇ, ಇದಕ್ಕೆ ಪಾಟಾ ಅಂತಲೂ ಹೆಸರಿದೆ. ಆದರೂ ಒಮ್ಮೆ ಡಿಸ್ಕ್‌ನ ಹಿಂಭಾಗ ನೋಡಿ ಖಚಿತ ಮಾಡಿಕೊಳ್ಳಿ. 2005ರ ಹೊತ್ತಿಗೆ ಮಾರುಕಟ್ಟೆಯಲ್ಲಿ ಹಳೇ ಐಡಿಇ, ಅದರ ಜಾಗಕ್ಕೆ ಬಂದ ಸಾಟಾ ಎರಡೂ ಬಗೆಯ ಡಿಸ್ಕ್ ಇದ್ದವು. ಸಾಟಾ ಬಂದದ್ದು 2003ರ ಸುಮಾರಿಗೆ, ಹಳೆಯದು ಪೂರ್ತಿ ಮಾಯವಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. ಕೆಲವು ಕಂಪ್ಯೂಟರ್‌ಗಳಲ್ಲಿ ಪಟ್ಟಿ ಕೇಬಲ್ ಇದ್ದದ್ದು ಸಿಡಿ ಡ್ರೈವ್‌ಗೆ, ಹಾರ್ಡ್ ಡಿಸ್ಕ್ ಸಾಟಾ ಆಗಿತ್ತು.

ಐಡಿಇ ಆದರೆ ಎರಡು ಸಾಲಿನಲ್ಲಿ ಸೂಜಿಯಂಥ ಪಿನ್‌ಗಳು ಕಾಣುತ್ತವೆ. ಲೆಕ್ಕಕ್ಕೆ 40, ನಡುವಿನ ಒಂದು ಪಿನ್ ಬೇಕಂತಲೇ ಬಿಟ್ಟಿರುತ್ತಾರೆ, ಕೇಬಲ್ ತಿರುಗಾಮುರುಗಾ ಕೂರದಿರಲಿ ಅಂತ. ಪಕ್ಕದಲ್ಲಿ ಕರೆಂಟ್‌ಗೆ ನಾಲ್ಕು ದಪ್ಪ ಪಿನ್. ಇವೆರಡರ ನಡುವೆ ಜಂಪರ್ ಅನ್ನುವ ಪುಟ್ಟ ಪ್ಲಾಸ್ಟಿಕ್ ಟೋಪಿ. ಸಾಟಾ ಆದರೆ ಸೂಜಿ ಪಿನ್ ಇರುವುದೇ ಇಲ್ಲ. ಎಲ್ ಆಕಾರದ ಎರಡು ಚಪ್ಪಟೆ ನಾಲಿಗೆ ಇರುತ್ತವೆ, ಡೇಟಾಕ್ಕೆ ಚಿಕ್ಕದು, ಕರೆಂಟ್‌ಗೆ ಉದ್ದದ್ದು.

ನಿಮಗೆ ಬೇಕಾದ್ದು ಯುಎಸ್‌ಬಿಯಿಂದ ಐಡಿಇ ಮತ್ತು ಸಾಟಾ ಎರಡಕ್ಕೂ ಆಗುವ ಅಡಾಪ್ಟರ್. ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಹಳೇ ಸರ್ವಿಸ್ ಅಂಗಡಿಗಳಲ್ಲೂ ಇರುತ್ತದೆ, ಒಂದು ದಿನಕ್ಕೆ ಕೇಳಿದರೆ ಕೊಟ್ಟಾರು. ಕೊಳ್ಳುವಾಗ ಒಂದೇ ಒಂದು ಸಂಗತಿ ನೋಡಿ: ಗೋಡೆಗೆ ಹಾಕುವ 12 ವೋಲ್ಟ್‌ನ ಪವರ್ ಅಡಾಪ್ಟರ್ ಜತೆಗೆ ಇರಬೇಕು, ಕನಿಷ್ಠ 2 ಆಂಪಿಯರ್‌ನದು. ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕ್ ತಿರುಗಲು 12 ವೋಲ್ಟ್ ಬೇಕು. ಲ್ಯಾಪ್‌ಟಾಪ್‌ನ ಸಾಮಾನ್ಯ ಯುಎಸ್‌ಬಿ ಪೋರ್ಟ್ ಕೊಡುವುದು 5 ವೋಲ್ಟ್ ಮಾತ್ರ. ಕೇಬಲ್ ಹಾಕಿದೆ, ಡಿಸ್ಕ್ ಸತ್ತಿದೆ ಅಂತ ತಂದುಕೊಡುವವರಲ್ಲಿ ಎಷ್ಟೋ ಜನರ ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಸಾಕಷ್ಟು ಕರೆಂಟ್ ಸಿಕ್ಕಿರುವುದಿಲ್ಲ, ಅಷ್ಟೇ.

ಜಂಪರ್ ಮಾಸ್ಟರ್ ಅನ್ನುವ ಜಾಗದಲ್ಲಿರಲಿ. ಡಿಸ್ಕ್‌ನ ಲೇಬಲ್ ಮೇಲೆಯೇ ಅದರ ಚಿತ್ರ ಇರುತ್ತದೆ. ಸ್ಲೇವ್ ಅಂತ ಇದ್ದರೆ ಬಹಳ ಅಡಾಪ್ಟರ್‌ಗಳಿಗೆ ಡಿಸ್ಕ್ ಕಾಣುವುದೇ ಇಲ್ಲ.

ಜೋಡಿಸುವ ದಿನ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇಟ್ಟು ಅದರ ಮೇಲೆ ಡಿಸ್ಕ್ ಮಲಗಿಸಿ. ಮೊದಲು ಅಡಾಪ್ಟರ್ ಅನ್ನು ಡಿಸ್ಕ್‌ಗೆ ಹಾಕಿ, ಆಮೇಲೆ ಕರೆಂಟ್, ಕೊನೆಗೆ ಯುಎಸ್‌ಬಿ. ತಿರುಗುತ್ತಿರುವಾಗ ಕೈಯಲ್ಲಿ ಎತ್ತಬೇಡಿ, ಅಲ್ಲಾಡಿಸಬೇಡಿ. ಕಿವಿಗೊಟ್ಟು ಕೇಳಿ. ಸಮನಾದ ಸುಂಯ್ ಸದ್ದು ಬಂದರೆ ಒಳ್ಳೆಯದು. ಟಕ್, ಟಕ್, ಟಕ್ ಅಂತ ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ತಕ್ಷಣ ಆಫ್ ಮಾಡಿ. ಇನ್ನೊಮ್ಮೆ ನೋಡೋಣ ಅಂತ ಆಸೆಪಡಬೇಡಿ, ಪ್ರತಿ ಸಲವೂ ತಟ್ಟೆಗೆ ಗಾಯ ಆಗುವ ಸಾಧ್ಯತೆ ಇದೆ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವ ಮಾತು ಈಗಲೂ ಹರಿದಾಡುತ್ತಿದೆ. ನಮ್ಮ ಹವೆಯಲ್ಲಿ ಹೊರಗೆ ತೆಗೆದ ಕೂಡಲೇ ಒಳಗೆಲ್ಲ ನೀರಿನ ಹನಿ ಕೂರುತ್ತದೆ. ಹೀಗೆ ಟಕ್ ಟಕ್ ಅನ್ನುವ ಡಿಸ್ಕ್ ಅನ್ನು ಡೇಟಾ ರಿಕವರಿ ಮಾಡುವವರಿಗೇ ಕೊಡಬೇಕು. ಖರ್ಚು ಜಾಸ್ತಿ, ನಿಜ. ಆದರೆ ಕ್ಯಾಸೆಟ್‌ನಿಂದ ಇಳಿಸಿದ ಹಳೇ ಭಾಗವತಿಕೆಗೆ ಬೆಲೆ ಕಟ್ಟುವವರು ನೀವು, ನಾನಲ್ಲ.

ವಿಂಡೋಸ್ ಕೆಲವೊಮ್ಮೆ ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತದೆ. ಬೇಡ ಅನ್ನಿ. ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಅಂತ ಬಂದರೆ ಹೆದರಬೇಡಿ. ಅದು ಹಳೇ ವಿಂಡೋಸ್ ಎಕ್ಸ್‌ಪಿಯ ಬಳಕೆದಾರರ ಬೀಗ, ಮುಂದುವರಿಸು ಅಂತ ಒತ್ತಿದರೆ ಸಾಮಾನ್ಯವಾಗಿ ತೆರೆಯುತ್ತದೆ. ಡಿಸ್ಕ್ ಕಂಡ ಕೂಡಲೇ ಅಲ್ಲಿಯೇ ಹಾಡು ಕೇಳುತ್ತ ಕೂರಬೇಡಿ. ಬಹಳ ಬೇಕಾದ ಫೋಲ್ಡರ್ ಮೊದಲು, ಉಳಿದದ್ದು ಆಮೇಲೆ ಅಂತ ಎಲ್ಲವನ್ನೂ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ. ಸೆಕೆಂಡಿಗೆ 30 ಎಂಬಿ ಬಂದರೂ 80 ಜಿಬಿ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಸಣ್ಣ ಸಣ್ಣ ಫೈಲ್‌ಗಳು ಜಾಸ್ತಿ ಇದ್ದರೆ ಒಂದೆರಡು ಗಂಟೆ ಹಿಡಿಯಬಹುದು. ನಡುನಡುವೆ ಓದಲಾಗದ ಜಾಗಗಳು ಬಂದು ಕಾಪಿ ನಿಲ್ಲುತ್ತಿದ್ದರೆ ಹಟ ಹಿಡಿಯಬೇಡಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನುವ ಸಾಧನ ಇದೆ. ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಕೈ ಹಾಕುತ್ತದೆ. ಅದು ಗೊತ್ತಿರುವವರ ಹತ್ತಿರ ಮಾಡಿಸಿ.

ಇಲ್ಲಿ ನಮ್ಮ ಜಿಲ್ಲೆಯವರಿಗೆ ಮಾತ್ರ ಹೇಳಬೇಕಾದ ಒಂದು ಸಂಗತಿ ಇದೆ. ಕರೆಂಟ್ ಹೋದರೂ ನಿಮ್ಮ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ. ಆದರೆ ಗೋಡೆಗೆ ಚುಚ್ಚಿದ ಆ 12 ವೋಲ್ಟ್ ಅಡಾಪ್ಟರ್‌ಗೆ ಬ್ಯಾಟರಿ ಇಲ್ಲ. ಜಡಿಮಳೆಯಲ್ಲಿ ಕರೆಂಟ್ ಹೋಗಿ ಬಂದು, ಹೋಗಿ ಬಂದು ಮಾಡಿದರೆ ಆ ಹಳೇ ಡಿಸ್ಕ್ ಪ್ರತಿ ಸಲವೂ ನಿಂತು ಮತ್ತೆ ತಿರುಗಬೇಕು. ವಯಸ್ಸಾದ ಡಿಸ್ಕ್‌ಗೆ ಎಲ್ಲಕ್ಕಿಂತ ಕಷ್ಟದ ಕ್ಷಣವೇ ನಿಂತಲ್ಲಿಂದ ತಿರುಗಲು ಶುರು ಮಾಡುವುದು. ಆದ್ದರಿಂದ ಯುಪಿಎಸ್ ಇರುವ ಕಡೆ ಈ ಕೆಲಸ ಮಾಡಿ. ಏಪ್ರಿಲ್, ಮೇ ಸಂಜೆಗಳಲ್ಲಿ ಸಿಡಿಲು ಬರುವ ಹೊತ್ತಿಗಂತೂ ಬೇಡ.

ಇದೇ ಕಾರಣಕ್ಕೆ ಹೊಸ ಎಕ್ಸ್‌ಟರ್ನಲ್ ಡಿಸ್ಕ್ ಕೊಳ್ಳುವಾಗಲೂ ಬೇರೆ ಪವರ್ ಅಡಾಪ್ಟರ್ ಬೇಡುವ ದೊಡ್ಡ 3.5 ಇಂಚಿನದು ನಿಮಗೆ ಬೇಡ ಅನ್ನುತ್ತೇನೆ. ಒಂದು ಟಿಬಿಗೆ ಲೆಕ್ಕ ಹಾಕಿದರೆ ಅದು ಅಗ್ಗ ಇರಬಹುದು. ಆದರೆ ಯುಎಸ್‌ಬಿ ಕೇಬಲ್ ಒಂದರಿಂದಲೇ ನಡೆಯುವ 2.5 ಇಂಚಿನ ಪೋರ್ಟಬಲ್ ಡಿಸ್ಕ್‌ಗೆ ನಿಮ್ಮ ಲ್ಯಾಪ್‌ಟಾಪ್‌ನ ಬ್ಯಾಟರಿಯೇ ಕಾವಲು. ಕರೆಂಟ್ ಹೋದರೂ ಬರೆಯುವ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ. ಅದನ್ನು ನೇರವಾಗಿ ಲ್ಯಾಪ್‌ಟಾಪ್‌ಗೇ ಹಾಕಿ, ಅಗ್ಗದ ಹಬ್ ಮೂಲಕ ಬೇಡ. ಯುಎಸ್‌ಬಿ 2ರ ಪೋರ್ಟ್ 500 ಮಿಲಿ ಆಂಪಿಯರ್, ಯುಎಸ್‌ಬಿ 3ರದ್ದು 900 ಮಿಲಿ ಆಂಪಿಯರ್ ಕೊಡಬೇಕು ಅಂತ ನಿಯಮ. ಡಿಸ್ಕ್ ತಿರುಗಲು ಶುರುವಾಗುವಾಗ ಇಷ್ಟೂ ಬೇಕಾಗುತ್ತದೆ. ಅದನ್ನು ಹಬ್‌ನಲ್ಲಿ ನಾಲ್ಕು ಪಾಲು ಮಾಡಿದರೆ ಸಾಲದು.

ಇನ್ನು ಅಂಗಡಿಯವರು ಹೇಳಿದ ಹೆಸರುಗಳು. ಎಲ್ಲವನ್ನೂ ತಿಳಿಯಬೇಕಿಲ್ಲ. ಇಷ್ಟು ಗೊತ್ತಿದ್ದರೆ ಸಾಕು: ಹೆದ್ದಾರಿ ಎಷ್ಟೇ ಅಗಲ ಇರಲಿ, ಘಟ್ಟದ ತಿರುವಿನಲ್ಲಿ ಮುಂದಿನ ಲಾರಿ ಎಷ್ಟು ನಿಧಾನವೋ ಹಿಂದಿನವರೆಲ್ಲ ಅಷ್ಟೇ ನಿಧಾನ. ಡಿಸ್ಕ್, ಅದನ್ನು ಕೂರಿಸುವ ಡಬ್ಬಿ ಅಂದರೆ ಕೇಸ್, ಕೇಬಲ್, ಪೋರ್ಟ್ ನಾಲ್ಕರಲ್ಲಿ ಯಾವುದು ನಿಧಾನವೋ ನಿಮಗೆ ಸಿಗುವುದು ಅದರ ವೇಗ.

ಐಡಿಇ ಕೊನೆಗೆ ಮುಟ್ಟಿದ್ದು ಸೆಕೆಂಡಿಗೆ 133 ಎಂಬಿ. ಸಾಟಾ 150ರಿಂದ ಶುರುವಾಗಿ 300, ಆಮೇಲೆ 600 ಎಂಬಿಗೆ ಬಂತು. ಯುಎಸ್‌ಬಿ 2 ಬಂದದ್ದು 2000ದಲ್ಲಿ. ಡಬ್ಬದ ಮೇಲೆ 480 ಮೆಗಾಬಿಟ್ ಅಂತ ಬರೆದಿರುತ್ತದೆ. ಅದು ಬಿಟ್ ಲೆಕ್ಕ. 8ರಿಂದ ಭಾಗಿಸಿದರೆ 60 ಎಂಬಿ, ನಿಜವಾಗಿ ಕೈಗೆ ಸಿಗುವುದು 30ರಿಂದ 40. ಯುಎಸ್‌ಬಿ 3 ಬಂದದ್ದು 2008ರಲ್ಲಿ, 5 ಗಿಗಾಬಿಟ್. ಅಲ್ಲಿ 400 ಎಂಬಿಯವರೆಗೂ ಸಿಗುತ್ತದೆ. ಆದರೆ ತಿರುಗುವ 2.5 ಇಂಚಿನ ಡಿಸ್ಕ್ ತಾನಾಗಿ ಕೊಡುವುದೇ 100ರಿಂದ 140 ಎಂಬಿ. ಹಾಗಾಗಿ ಅದಕ್ಕೆ ಯುಎಸ್‌ಬಿ 3 ಬೇಕಾದಷ್ಟಾಯಿತು. 10 ಗಿಗಾಬಿಟ್‌ನ ಕೇಸ್ ತಂದು ಹಾಕಿದರೂ ಒಂದು ಎಂಬಿಯೂ ಜಾಸ್ತಿ ಬರುವುದಿಲ್ಲ. ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆಯ ಬದಲು ಮೆಮೊರಿ ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್. ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ ಕೊಡುತ್ತದೆ. ಎನ್‌ವಿಎಂಇ ಅನ್ನುವುದು ಚ್ಯೂಯಿಂಗ್ ಗಮ್ ಪಟ್ಟಿಯಷ್ಟು ಅಗಲದ ಎಸ್‌ಎಸ್‌ಡಿಗಳು ಕಂಪ್ಯೂಟರ್ ಜತೆ ಮಾತಾಡುವ ರೀತಿ. ಲ್ಯಾಪ್‌ಟಾಪ್ ಒಳಗೆ ಅದು 3000 ಎಂಬಿ ದಾಟುತ್ತದೆ. ಅದನ್ನೇ 10 ಗಿಗಾಬಿಟ್ ಯುಎಸ್‌ಬಿ ಕೇಸ್‌ಗೆ ಹಾಕಿದರೆ 1000ದ ಆಸುಪಾಸಿಗೆ ನಿಲ್ಲುತ್ತದೆ. ವಿಡಿಯೋ ಎಡಿಟಿಂಗ್ ಮಾಡುವವರಿಗೆ ಅದು ಬೇಕು, ನಿಮಗೆ ಬೇಡ.

ಹೆಸರಿನ ಗೊಂದಲ ಒಂದಿದೆ, ಇದರಲ್ಲಿ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ಯುಎಸ್‌ಬಿ 3.0, 3.1 ಜೆನ್ 1, 3.2 ಜೆನ್ 1 ಈ ಮೂರೂ ಒಂದೇ, 5 ಗಿಗಾಬಿಟ್. ನಂಬರ್ ದೊಡ್ಡದು ಅಂತ ಜಾಸ್ತಿ ಕೊಡಬೇಡಿ. ಟೈಪ್ ಸಿ ಅನ್ನುವುದು ಬರೀ ಕನೆಕ್ಟರ್‌ನ ಆಕಾರ, ವೇಗ ಅಲ್ಲ. ಮೊಬೈಲ್ ಜತೆ ಬರುವ ಟೈಪ್ ಸಿ ಕೇಬಲ್‌ಗಳಲ್ಲಿ ಬಹಳಷ್ಟು ಯುಎಸ್‌ಬಿ 2ರ ವೇಗದವೇ. ಹೊಸ ಎಸ್‌ಎಸ್‌ಡಿ ನಿಧಾನ ಅಂತ ದೂರುವ ಮೊದಲು ಅದರ ಜತೆಗೆ ಬಂದ ಕೇಬಲನ್ನೇ ಹಾಕಿ ನೋಡಿ. ಥಂಡರ್‌ಬೋಲ್ಟ್, ಇ-ಸಾಟಾ, ಫೈರ್‌ವೈರ್ ಅನ್ನುವ ಹೆಸರುಗಳನ್ನೂ ಕೇಳಬಹುದು. ನಿಮ್ಮ ಕೆಲಸಕ್ಕೆ ಅವು ಬೇಕಿಲ್ಲ.

ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಅನ್ನುವ ಪ್ರಶ್ನೆಗೆ ನನ್ನ ಉತ್ತರ: ಕಪಾಟಿನಲ್ಲಿ ಇಡುವುದಕ್ಕೆ ಹಾರ್ಡ್ ಡಿಸ್ಕ್, ಓಡಾಡಿಸುವುದಕ್ಕೆ ಎಸ್‌ಎಸ್‌ಡಿ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗ ಇಲ್ಲ, ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿದರೂ, ಕೈಜಾರಿ ಬಿದ್ದರೂ ತಡೆದುಕೊಳ್ಳುತ್ತದೆ. ಆದರೆ ಅದು ಡೇಟಾ ಹಿಡಿದಿಡುವುದು ವಿದ್ಯುತ್ ಚಾರ್ಜ್ ರೂಪದಲ್ಲಿ. ಕರೆಂಟ್ ಕೊಡದೆ ವರ್ಷಗಟ್ಟಲೆ ಬಿಟ್ಟರೆ ಆ ಚಾರ್ಜ್ ನಿಧಾನವಾಗಿ ಸೋರುತ್ತದೆ, ಸೆಖೆ ಹೆಚ್ಚಿದಷ್ಟೂ ಬೇಗ ಸೋರುತ್ತದೆ. ಬರೆದು ಬರೆದು ಆಯಸ್ಸು ಮುಗಿಸಿದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರೆಂಟ್ ಇಲ್ಲದೆ ಒಂದು ವರ್ಷ ಡೇಟಾ ಉಳಿಸಬೇಕು ಅನ್ನುವುದು ಚಿಪ್‌ಗಳಿಗೆ ನಿಯಮ ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸದು ಇದಕ್ಕಿಂತ ಬಹಳ ಹೆಚ್ಚು ತಾಳುತ್ತದೆ. ಆದರೂ ಹೊನ್ನಾವರದ ಏಪ್ರಿಲ್ ಸೆಖೆಯಲ್ಲಿ ಹಂಚಿನ ಕೆಳಗೆ ಇಟ್ಟು ಮರೆತುಬಿಡುವ ವಸ್ತು ಅದಲ್ಲ. ಹಾರ್ಡ್ ಡಿಸ್ಕ್ ಡೇಟಾ ಹಿಡಿಯುವುದು ಕಾಂತಶಕ್ತಿಯಿಂದ, ಸುಮ್ಮನೆ ಇಟ್ಟರೆ ಅದು ಬೇಗ ಅಳಿಯುವುದಿಲ್ಲ. ನಿಮ್ಮ ಹಳೇ ಡಿಸ್ಕ್‌ನಲ್ಲಿ ಎಲ್ಲ ಉಳಿದಿರಬಹುದು ಅಂತ ನಾನು ಆಸೆ ಇಟ್ಟಿರುವುದೂ ಇದೇ ಕಾರಣಕ್ಕೆ.

ಪೆನ್‌ಡ್ರೈವ್ ಸಾಗಿಸಲು ಸಾಕು, ಕಾದಿಡಲು ಬೇಡ. ಐನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್, ಎರಡು ಸಾವಿರಕ್ಕೆ 16 ಟಿಬಿ ಎಸ್‌ಎಸ್‌ಡಿ ಅಂತ ಬರುವ ಜಾಹೀರಾತುಗಳು ಮೋಸ. ಒಳಗೆ ಇರುವುದು ಚಿಕ್ಕ ಮೆಮೊರಿ ಚಿಪ್, ಸಾಮರ್ಥ್ಯದ ನಂಬರ್ ಮಾತ್ರ ಸುಳ್ಳು ಬರೆದಿರುತ್ತಾರೆ. ಕಾಪಿ ಆಯಿತು ಅಂತ ತೋರಿಸುತ್ತದೆ, ಆಮೇಲೆ ತೆರೆದರೆ ಫೈಲ್‌ಗಳು ಹಾಳಾಗಿರುತ್ತವೆ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ತುಂಬಿಸಿ ಓದಿಸಿದರೆ ಬಣ್ಣ ಬಯಲಾಗುತ್ತದೆ. ಹಾಗಂತ 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಅಂತ ಕಂಡರೆ ಅದು ಮೋಸ ಅಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ರೆಡಿಮೇಡ್ ಪೋರ್ಟಬಲ್ ಡಿಸ್ಕ್ ಕೊಳ್ಳುವುದೋ, ಸಾಟಾ ಡಿಸ್ಕ್ ಮತ್ತು ಕೇಸ್ ಬೇರೆ ಬೇರೆ ಕೊಂಡು ಜೋಡಿಸುವುದೋ? ನನಗೆ ಎರಡನೆಯದೇ ಇಷ್ಟ. ಕೆಲವು ರೆಡಿಮೇಡ್ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಸಾಕೆಟ್ ಅನ್ನು ಡಿಸ್ಕ್‌ನ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಒಳಗೆ ಸಾಟಾ ಕನೆಕ್ಟರ್ ಇರುವುದೇ ಇಲ್ಲ. ಹಾರ್ಡ್ ಡಿಸ್ಕ್‌ಗಳಲ್ಲಿ ಕಾಣುವ ಆ ಅಗಲವಾದ ಮೈಕ್ರೋ ಬಿ ಸಾಕೆಟ್ ಬಹಳ ನಾಜೂಕು. ಅದು ಅಲ್ಲಾಡಿ ಕಿತ್ತುಬಂದರೆ ಡಿಸ್ಕ್ ಚೆನ್ನಾಗಿದ್ದರೂ ಡೇಟಾ ತೆಗೆಯುವುದು ದೊಡ್ಡ ಕೆಲಸ. ಬೇರೆ ಕೇಸ್ ಆದರೆ, ಕೇಸ್ ಕೆಟ್ಟಾಗ ಇನ್ನೊಂದು ಕೇಸ್‌ಗೆ ಡಿಸ್ಕ್ ಬದಲಾಯಿಸಿದರೆ ಮುಗಿಯಿತು.

ಫಾರ್ಮ್ಯಾಟ್, ಅಂದರೆ ಡಿಸ್ಕ್ ತನ್ನೊಳಗೆ ಫೈಲ್‌ಗಳನ್ನು ಜೋಡಿಸಿಡುವ ರೀತಿ, ನಿಮಗೆ ಮುಖ್ಯ, ಯಾಕೆಂದರೆ ನಿಮ್ಮ ಫೈಲ್‌ಗಳು ಉದ್ದದವು. ಧ್ವನಿಯನ್ನು ಕುಗ್ಗಿಸದೆ ಇಡುವ ಸಿಡಿ ಗುಣಮಟ್ಟದ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. ಇಡೀ ರಾತ್ರಿಯ ಆಟ, ಎಂಟು ಗಂಟೆ ಅಂದುಕೊಳ್ಳಿ, ಸುಮಾರು 5 ಜಿಬಿ ಆಯಿತು. ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಮಂಗಳ ಹಾಡುವ ಮೊದಲೇ ಜಾಗ ಮುಗಿಯುತ್ತದೆ. ಹೊಸ ಡಿಸ್ಕ್ ಅನ್ನು ವಿಂಡೋಸ್‌ನಲ್ಲಿ ಮಾತ್ರ ಬಳಸುವುದಾದರೆ ಎನ್‌ಟಿಎಫ್‌ಎಸ್ ಇರಲಿ, ಮಧ್ಯೆ ಕೇಬಲ್ ಕಿತ್ತರೂ ಅದು ಸ್ವಲ್ಪ ಗಟ್ಟಿ. ಆಪಲ್ ಕಂಪ್ಯೂಟರ್‌ನಲ್ಲೂ ಬರೆಯಬೇಕಾದರೆ ಎಕ್ಸ್‌ಫ್ಯಾಟ್. ಅಪ್ಪಯ್ಯ ವೇವ್ ರೂಪದಲ್ಲಿ ಇಟ್ಟಿದ್ದರೆ ಎಂಪಿ3 ಮಾಡಿ ಮೂಲವನ್ನು ಅಳಿಸಬೇಡಿ. ಜಾಗ ಉಳಿಸಬೇಕಾದರೆ ಫ್ಲ್ಯಾಕ್ ಮಾಡಿ, ಅದರಲ್ಲಿ ಧ್ವನಿ ಒಂದಿಷ್ಟೂ ಕಳೆದುಹೋಗುವುದಿಲ್ಲ. ಚಂಡೆ, ಮದ್ದಲೆಯ ಪೆಟ್ಟು ಎಂಪಿ3ಯಲ್ಲಿ ಮೊಂಡಾಗುತ್ತದೆ, ಕಿವಿ ಇರುವವರಿಗೆ ಅದು ಗೊತ್ತಾಗುತ್ತದೆ.

ಈಗ ನೀವು ಕೇಳದೇ ಇರುವ, ಆದರೆ ನಾನು ಹೇಳಲೇಬೇಕಾದ ಮಾತು. ಒಂದು ದೊಡ್ಡ ಡಿಸ್ಕ್ ಬೇಡ, ಎರಡು ಚಿಕ್ಕವು ಕೊಳ್ಳಿ. 2 ಟಿಬಿಯ ಒಂದರ ಬದಲು 1 ಟಿಬಿಯ ಎರಡು, ಸಾಧ್ಯವಾದರೆ ಬೇರೆ ಬೇರೆ ಕಂಪನಿಯವು. ಎರಡರಲ್ಲೂ ಎಲ್ಲವೂ ಇರಲಿ. ಕಾಪಿ ಆದ ಮೇಲೆ ಫೈಲ್‌ಗಳ ಸಂಖ್ಯೆ, ಒಟ್ಟು ಗಾತ್ರ ತಾಳೆ ನೋಡಿ. ಕೆಲವು ಫೈಲ್‌ಗಳನ್ನು ಮೊದಲು, ನಡುವೆ, ಕೊನೆಯಲ್ಲಿ ಕೇಳಿ ನೋಡಿ. ಆಮೇಲೆ ಒಂದು ಡಿಸ್ಕ್ ನಿಮ್ಮ ಮನೆಯಲ್ಲಿರಲಿ, ಇನ್ನೊಂದು ಘಟ್ಟದ ಮೇಲೆ ಶಿರಸಿಯಲ್ಲೋ ಸಿದ್ದಾಪುರದಲ್ಲೋ ನೆಂಟರ ಮನೆಯಲ್ಲಿರಲಿ. 2019ರ ಆಗಸ್ಟ್‌ನಲ್ಲಿ ಗಂಗಾವಳಿ, ಕಾಳಿ ನದಿಗಳು ಉಕ್ಕಿ ಮನೆಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರುತ್ತದೆ. ಒಂದೇ ಕಪಾಟಿನಲ್ಲಿ ಎರಡು ಡಿಸ್ಕ್ ಇದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಒಳ್ಳೆ ಇಂಟರ್‌ನೆಟ್ ಇದ್ದರೆ ಕ್ಲೌಡ್‌ನಲ್ಲಿ ಮೂರನೆಯದು ಇಡಬಹುದು, ಆದರೆ ಈ ಎರಡಕ್ಕೆ ಅದು ಬದಲಿ ಅಲ್ಲ.

ಎರಡನ್ನೂ ರಬ್ಬರ್ ಅಂಚಿನ ಬಿಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಿ. ಬಣ್ಣ ಬದಲಾಯಿಸುವ ಜೆಲ್ ಸಿಗುತ್ತದೆ, ಬಣ್ಣ ಕಂಡೇ ಬದಲಾಯಿಸುವ ಹೊತ್ತು ಗೊತ್ತಾಗುತ್ತದೆ. ಮಳೆಗಾಲಕ್ಕೆ ಮೊದಲು ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ಹೊರಗೆ ತೆಗೆದು, ಸ್ವಲ್ಪ ಹೊತ್ತು ಕೋಣೆಯಲ್ಲಿಟ್ಟು ಲ್ಯಾಪ್‌ಟಾಪ್‌ಗೆ ಹಾಕಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಅನ್ನುವ ಎರಡು ಸಾಲುಗಳನ್ನು ಮಾತ್ರ ನೋಡಿ. ಡಿಸ್ಕ್‌ನಲ್ಲಿ ಕೆಟ್ಟ, ಕೆಡುತ್ತಿರುವ ಜಾಗಗಳ ಎಣಿಕೆ ಅವು, ಸೊನ್ನೆ ಇರಬೇಕು. ಏರುತ್ತ ಹೋದರೆ ಹೊಸ ಡಿಸ್ಕ್ ತರುವ ಕಾಲ ಬಂತು. ಅಗ್ಗದ ಕೆಲವು ಕೇಸ್‌ಗಳು ಈ ಮಾಹಿತಿಯನ್ನು ಹೊರಗೆ ಬಿಡುವುದಿಲ್ಲ. ಅಂಥದ್ದನ್ನು ವಾಪಸ್ ಕೊಟ್ಟು ಬೇರೆ ತನ್ನಿ.

ಹಳೇ 80 ಜಿಬಿ ಡಿಸ್ಕ್ ಅನ್ನು ಎಸೆಯಬೇಡಿ, ಫಾರ್ಮ್ಯಾಟ್ ಮಾಡಿ ಬೇರೆಯದಕ್ಕೆ ಬಳಸಬೇಡಿ. ಅದೂ ಒಂದು ಪ್ರತಿಯೇ. ಮೂಲ ಕ್ಯಾಸೆಟ್‌ಗಳು ಮನೆಯಲ್ಲಿ ಎಲ್ಲಾದರೂ ಉಳಿದಿವೆಯಾ ಅಂತಲೂ ಹುಡುಕಿ. ಸಿಕ್ಕರೆ ಹಳೇ ಟೇಪ್ ರೆಕಾರ್ಡರ್‌ಗೆ ಸುಮ್ನೆ ಹಾಕಿ ನೋಡಬೇಡಿ, ಬೂಸ್ಟು ಹಿಡಿದ ಟೇಪ್ ಸುತ್ತಿಕೊಂಡು ತುಂಡಾಗುತ್ತದೆ. ಎಷ್ಟು ಕ್ಯಾಸೆಟ್ ಇವೆ, ಹೇಗಿವೆ ಅಂತ ಬರೆದು ಕಳಿಸಿ, ಅವನ್ನು ಹೊಸದಾಗಿ ಇಳಿಸುವುದು ಹೇಗೆ ಅಂತ ಹೇಳುತ್ತೇನೆ.